ಓಕ್ ಸ್ಟ್ರೀಟ್ ಎಲ್ಲಿ ಹೋಯಿತು?

ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿರುವ ನ್ಯೂ ಹೇವನ್ ಸಮುದ್ರದಂಚಿನ ಒಂದು ಮಧ್ಯಮ ಗಾತ್ರದ ಊರು. 2020ರ ಜನಗಣತಿಯ ಪ್ರಕಾರ ಅಲ್ಲಿರುವವರು 1,34,023 ಮಂದಿ. ಯೇಲ್ ವಿಶ್ವವಿದ್ಯಾಲಯ ಇರುವುದು ಈ ಊರಿನಲ್ಲೇ. ಊರಿನ ನಡುಭಾಗದಿಂದ ದಕ್ಷಿಣಕ್ಕೆ ನಡೆದು ಹೊರಟರೆ ಐದು ನಿಮಿಷದಲ್ಲಿ ಒಂದು ತಗ್ಗು ಎದುರಾಗುತ್ತದೆ. ತಗ್ಗಿನಲ್ಲಿ ಹೆದ್ದಾರಿ, ಅದರ ಎರಡೂ ಬದಿಗೆ ವೇಗವಾಗಿ ಸಾಗುವ ವಾಹನಗಳ ರಸ್ತೆ, ಮುಂದೆ ಕಾರು ನಿಲ್ಲಿಸುವ ಭಾರಿ ಕಟ್ಟಡ, ಆಸ್ಪತ್ರೆಯ ಬ್ಲಾಕುಗಳು, ಜೈವಿಕ ತಂತ್ರಜ್ಞಾನ ಕಂಪನಿಗಳ ಗಾಜಿನ ಗೋಡೆಗಳು. ಎಪ್ಪತ್ತು ವರ್ಷಗಳ ಹಿಂದೆ ಇದೇ ಜಾಗದಲ್ಲಿ ಓಕ್ ಸ್ಟ್ರೀಟ್ ಎಂಬ ಪೇಟೆ ಇತ್ತು. ಯಹೂದಿಗಳ ಬೇಕರಿ, ಮಾಂಸದಂಗಡಿ, ದಿನಸಿ ಅಂಗಡಿಗಳು ಸಾಲಾಗಿದ್ದವು. ಅಂಗಡಿಯ ಮೇಲಂತಸ್ತಿನಲ್ಲಿ ಬಾಡಿಗೆ ಮನೆಗಳು. ಇಟಲಿಯಿಂದ, ಪೂರ್ವ ಯುರೋಪಿನಿಂದ, ಅಮೆರಿಕದ ದಕ್ಷಿಣ ರಾಜ್ಯಗಳಿಂದ ಬಂದ ಬಡವರು ಒಂದೇ ಓಣಿಯಲ್ಲಿ ಅಕ್ಕಪಕ್ಕ ಬದುಕುತ್ತಿದ್ದರು.

ಈ ತಗ್ಗಿನ ಪಕ್ಕದಲ್ಲಿ ಬೇಸಿಗೆಯಲ್ಲಿ ವಿದ್ಯಾರ್ಥಿಗಳ ಗುಂಪು ನಿಂತಿರುವುದು ಅಪರೂಪವಲ್ಲ. ಯೇಲ್‌ನಲ್ಲಿ 1994ರಿಂದ 'ಅಧ್ಯಕ್ಷರ ಸಾರ್ವಜನಿಕ ಸೇವಾ ಫೆಲೋಶಿಪ್' ಎಂಬ ಏರ್ಪಾಡು ಇದೆ. ರಜೆಯಲ್ಲಿ ಮನೆಗೆ ಹೋಗುವ ಅಥವಾ ನ್ಯೂಯಾರ್ಕಿನ ದೊಡ್ಡ ಕಂಪನಿಯಲ್ಲಿ ಇಂಟರ್ನ್ ಆಗುವ ಬದಲು, ಕೆಲವು ವಿದ್ಯಾರ್ಥಿಗಳು ಇದೇ ಊರಿನಲ್ಲಿ ಉಳಿದು ಸ್ವಯಂಸೇವಾ ಸಂಸ್ಥೆಗಳಲ್ಲಿ, ನಗರಾಡಳಿತದ ಕಚೇರಿಗಳಲ್ಲಿ ದುಡಿಯುತ್ತಾರೆ. ಖರ್ಚಿಗೆ ವಿಶ್ವವಿದ್ಯಾಲಯ ಭತ್ಯೆ ಕೊಡುತ್ತದೆ. ಹೀಗೆ ಉಳಿದವರ ಬೇಸಿಗೆಯಲ್ಲಿ ನನ್ನನ್ನು ಹೆಚ್ಚು ಹಿಡಿದಿರುವುದು ಅವರು ಕೆಲಸದ ಜೊತೆಗೆ ಮಾಡುವ ಇನ್ನೊಂದು ಅಭ್ಯಾಸ. ತಾವು ಕೆಲಸ ಮಾಡುವ ಬಡಾವಣೆ ಹೇಗೆ ಹುಟ್ಟಿತು, ಹೇಗೆ ಹಾಳಾಯಿತು, ಯಾರು ಅದನ್ನು ಉಳಿಸಿಕೊಂಡರು ಎಂಬುದನ್ನು ಕಾಲ್ನಡಿಗೆಯಲ್ಲಿ, ಹಳೆಯ ನಕ್ಷೆಗಳಲ್ಲಿ, ಹಿರಿಯರ ಮಾತಿನಲ್ಲಿ ಹುಡುಕುವುದು.

ಸೇವೆಗೂ ಇತಿಹಾಸಕ್ಕೂ ಏನು ಸಂಬಂಧ ಎಂದು ಕೇಳಬಹುದು. ಹಸಿದವರಿಗೆ ಊಟ ಬಡಿಸುವವನಿಗೆ 1937ರ ನಕ್ಷೆ ಯಾಕೆ ಬೇಕು? ಬೇಕು ಎಂಬುದೇ ಈ ಲೇಖನದ ವಾದ. ಬಡಾವಣೆಯ ಇತಿಹಾಸ ಗೊತ್ತಿಲ್ಲದವನ ಕಣ್ಣಿಗೆ ಬಡತನ ಆ ಜನರ ಸ್ವಭಾವದ ಹಾಗೆ ಕಾಣುತ್ತದೆ. ಇತಿಹಾಸ ಗೊತ್ತಾದ ಮೇಲೆ ಅದೇ ಬಡತನಕ್ಕೆ ತಾರೀಖು, ಆದೇಶ, ಸಹಿ, ಟೆಂಡರು ಎಲ್ಲವೂ ಇದ್ದದ್ದು ಕಾಣುತ್ತದೆ. ಆಗ ಸೇವೆಗೆ ಬಂದವನ ಮನಸ್ಸಿನಲ್ಲಿ ದಯೆಯ ಜಾಗಕ್ಕೆ ಋಣದ ಭಾವನೆ ಬರುತ್ತದೆ. ಇಪ್ಪತ್ತು ವರ್ಷದ ಹುಡುಗ ಹುಡುಗಿಯರಿಗೆ ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿಲ್ಲ.

ಊರನ್ನು ಓದುವ ಕೆಲಸ ಸಾಮಾನ್ಯವಾಗಿ ಶುರುವಾಗುವುದು ಸ್ಯಾನ್‌ಬಾರ್ನ್ ನಕ್ಷೆಗಳಿಂದ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಿಂದ ಬೆಂಕಿ ವಿಮಾ ಕಂಪನಿಗಳಿಗಾಗಿ ಅಮೆರಿಕದ ಸಾವಿರಾರು ಊರುಗಳ ಒಂದೊಂದು ಕಟ್ಟಡವನ್ನೂ ಅಳೆದು ಬರೆದ ಹಾಳೆಗಳಿವು. ಇಟ್ಟಿಗೆ ಕಟ್ಟಡಕ್ಕೆ ಗುಲಾಬಿ ಬಣ್ಣ, ಮರದ ಕಟ್ಟಡಕ್ಕೆ ಹಳದಿ. ಮನೆಯಾದರೆ 'ಡಿ', ಅಂಗಡಿಯಾದರೆ 'ಎಸ್'. ಎಷ್ಟು ಅಂತಸ್ತು, ಗೋಡೆ ಎಷ್ಟು ದಪ್ಪ, ನೀರಿನ ಕೊಳವೆ ಎಲ್ಲಿದೆ ಎಂಬುದೂ ಅದರಲ್ಲಿದೆ. ಬೆಂಕಿ ಬಿದ್ದರೆ ಎಷ್ಟು ನಷ್ಟವಾದೀತು ಎಂದು ಲೆಕ್ಕ ಹಾಕಲು ಮಾಡಿದ ಈ ಕಾಗದ ಇವತ್ತು ಅಳಿದುಹೋದ ಬಡಾವಣೆಗಳ ಜಾತಕವಾಗಿದೆ. ಅದರ ಪಕ್ಕದಲ್ಲಿ ಆ ಕಾಲದ ನಗರ ಡೈರೆಕ್ಟರಿ ಇಟ್ಟುಕೊಂಡರೆ ಮನೆ ನಂಬರಿಗೆ ಹೆಸರು ಕೂಡುತ್ತದೆ, ಹೆಸರಿಗೆ ಕಸುಬು ಕೂಡುತ್ತದೆ. ಹಳದಿ ಚೌಕವೊಂದು ಹೀಗೆ ದರ್ಜಿಯ ಮನೆಯಾಗುತ್ತದೆ, ಪಕ್ಕದ್ದು ಬಂದೂಕು ಕಾರ್ಖಾನೆಯ ಕೆಲಸಗಾರನದಾಗುತ್ತದೆ. ಕೆಳಗಿನ ಅಂಗಡಿ ಯಾರದು, ಮೇಲೆ ಬಾಡಿಗೆಗೆ ಯಾರಿದ್ದರು ಎಂಬುದು ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟ. ಆಮೇಲೆ ಅದೇ ಜಾಗಕ್ಕೆ ಹೋಗಿ ನಿಂತರೆ ಕಾಣುವುದು ಪಾರ್ಕಿಂಗ್ ಕಟ್ಟಡ.

ಎರಡನೆಯ ನಕ್ಷೆ ಇನ್ನೂ ಕಟುವಾದದ್ದು. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, 1933ರಲ್ಲಿ, ಮನೆ ಸಾಲಗಾರರನ್ನು ಉಳಿಸಲು ಅಮೆರಿಕ ಸರ್ಕಾರ ಗೃಹ ಮಾಲೀಕರ ಸಾಲ ನಿಗಮವನ್ನು ಸ್ಥಾಪಿಸಿತು. ಈ ನಿಗಮ ದೇಶದ ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆ ಮಾಡಿಸಿ, ಯಾವ ಬಡಾವಣೆಯಲ್ಲಿ ಸಾಲ ಕೊಡುವುದು ಎಷ್ಟು ಸುರಕ್ಷಿತ ಎಂದು ದರ್ಜೆ ಕಟ್ಟಿತು. ಹಸಿರು ಅಂದರೆ ಅತ್ಯುತ್ತಮ, ನೀಲಿ ಪರವಾಗಿಲ್ಲ, ಹಳದಿ ಇಳಿಮುಖ, ಕೆಂಪು ಅಪಾಯ. ನ್ಯೂ ಹೇವನ್ ನಕ್ಷೆ ತಯಾರಾದದ್ದು 1937ರಲ್ಲಿ. ಒಂದೊಂದು ಬಡಾವಣೆಗೂ ಒಂದು ಫಾರಂ. ಅದರಲ್ಲಿ ವಿದೇಶಿ ಮೂಲದ ಕುಟುಂಬಗಳು ಶೇಕಡಾ ಎಷ್ಟು, ಕಪ್ಪು ಜನ ಇದ್ದಾರೆಯೇ, ಯಾರು 'ನುಸುಳುತ್ತಿದ್ದಾರೆ' ಎಂದು ತುಂಬಲು ಪ್ರತ್ಯೇಕ ಖಾನೆಗಳಿದ್ದವು. ಓಕ್ ಸ್ಟ್ರೀಟ್‌ಗೂ ಕಪ್ಪು ಜನರ ಡಿಕ್ಸ್‌ವೆಲ್ ಬಡಾವಣೆಗೂ ಕೆಂಪು ಬಿತ್ತು. ಬ್ಯಾಂಕುಗಳ ಕಣ್ಣು ಆ ಕಡೆಗೆ ಮೊದಲೇ ಮುಚ್ಚಿತ್ತು, ಈಗ ಸರ್ಕಾರದ ಕಾಗದವೂ ಅದನ್ನೇ ಹೇಳಿತು. ಸಾಲ ಸಿಗದ ಕಡೆ ಮನೆ ರಿಪೇರಿ ಆಗುವುದಿಲ್ಲ, ರಿಪೇರಿ ಆಗದ ಮನೆ ಸೋರುತ್ತದೆ, ಸೋರುವ ಮನೆಗಳ ಬೀದಿಯನ್ನು ಇಪ್ಪತ್ತು ವರ್ಷಗಳ ನಂತರ ಬಂದ ಅಧಿಕಾರಿ ಕೊಳೆಗೇರಿ ಎಂದು ಬರೆದುಕೊಳ್ಳುತ್ತಾನೆ.

ಓಕ್ ಸ್ಟ್ರೀಟ್‌ಗೆ ಆದದ್ದು ಅದೇ. 1954ರಿಂದ 1970ರವರೆಗೆ ನ್ಯೂ ಹೇವನ್ ಮೇಯರ್ ಆಗಿದ್ದವರು ರಿಚರ್ಡ್ ಲೀ. ಉತ್ಸಾಹಿ, ಪ್ರಾಮಾಣಿಕ ಎಂದು ಹೆಸರು ಪಡೆದವರು. ಕೊಳೆಗೇರಿಯೇ ಇಲ್ಲದ ಊರು ಮಾಡುತ್ತೇನೆ ಎಂದು ಹೊರಟರು. 1949ರ ವಸತಿ ಕಾಯ್ದೆಯಿಂದ ನಗರ ನವೀಕರಣಕ್ಕೆ, 1956ರ ಕಾಯ್ದೆಯಿಂದ ಹೆದ್ದಾರಿಗಳಿಗೆ ಕೇಂದ್ರದ ಹಣ ಹರಿಯುತ್ತಿದ್ದ ಕಾಲ ಅದು. ತಲಾವಾರು ಲೆಕ್ಕದಲ್ಲಿ ನಗರ ನವೀಕರಣಕ್ಕೆ ಇಡೀ ದೇಶದಲ್ಲೇ ಅತಿ ಹೆಚ್ಚು ಹಣ ತಂದ ಊರು ನ್ಯೂ ಹೇವನ್. ದೇಶದ ಪತ್ರಿಕೆಗಳು ಅದನ್ನು 'ಮಾದರಿ ನಗರ' ಎಂದು ಕೊಂಡಾಡಿದವು. ಯೇಲ್‌ನ ರಾಜ್ಯಶಾಸ್ತ್ರಜ್ಞ ರಾಬರ್ಟ್ ಡಾಲ್ ಇದೇ ಊರನ್ನು ಅಧ್ಯಯನ ಮಾಡಿ 1961ರಲ್ಲಿ ಪ್ರಕಟಿಸಿದ 'ಹೂ ಗವರ್ನ್ಸ್?' ಇವತ್ತಿಗೂ ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ಓದುವ ಪುಸ್ತಕ.

1957ರ ಹೊತ್ತಿಗೆ ಓಕ್ ಸ್ಟ್ರೀಟ್ ಮೇಲೆ ಬುಲ್‌ಡೋಜರ್ ಬಂತು. ಸುಮಾರು 880 ಕುಟುಂಬಗಳು ಎದ್ದು ಹೋಗಬೇಕಾಯಿತು. ನೂರಾರು ಸಣ್ಣ ವ್ಯಾಪಾರಗಳು ಮುಚ್ಚಿದವು ಅಥವಾ ಚದುರಿದವು. 1959ರಲ್ಲಿ ಆ ಜಾಗದಲ್ಲಿ ಓಕ್ ಸ್ಟ್ರೀಟ್ ಕನೆಕ್ಟರ್ ಎಂಬ ಹೆದ್ದಾರಿ ತೆರೆಯಿತು. ಅಳಿದುಹೋದ ಬೀದಿಯ ಹೆಸರನ್ನೇ ಅದನ್ನು ಅಳಿಸಿದ ರಸ್ತೆಗೆ ಇಟ್ಟರು. ಉಪನಗರಗಳಿಂದ ಕಾರಿನಲ್ಲಿ ಜನ ನೇರವಾಗಿ ಊರಿನ ಅಂಗಡಿಗಳಿಗೆ ಬರಲಿ, ಸೊರಗುತ್ತಿದ್ದ ಪೇಟೆ ಚೇತರಿಸಿಕೊಳ್ಳಲಿ ಎಂಬುದು ಯೋಜನೆ. ಹೆದ್ದಾರಿ ಒಂದು ಮೈಲಿಯಷ್ಟು ಬಂದು ನಿಂತಿತು. ಮುಂದೆ ಪಶ್ಚಿಮಕ್ಕೆ ಎಳೆಯಲೆಂದು ಲೀಜನ್ ಅವೆನ್ಯೂ ಸುತ್ತಿನ ಮನೆಗಳನ್ನೂ ಕೆಡವಿದರು, ರಸ್ತೆ ಮಾತ್ರ ಬರಲಿಲ್ಲ. ಆ ನೆಲ ದಶಕಗಟ್ಟಲೆ ಹುಲ್ಲು ಬೆಳೆದುಕೊಂಡು ಖಾಲಿ ಬಿದ್ದಿತ್ತು. ಊರಿನ ಜನಸಂಖ್ಯೆ 1950ರಲ್ಲಿ 1,64,443 ಇದ್ದದ್ದು ನಂತರ ಆ ಮಟ್ಟಕ್ಕೆ ಮತ್ತೆ ಏರಲಿಲ್ಲ.

ಓಕ್ ಸ್ಟ್ರೀಟ್ ಸ್ವರ್ಗವಾಗಿತ್ತು ಎಂದು ಯಾರೂ ಹೇಳುವುದಿಲ್ಲ, ಹೇಳಲೂಬಾರದು. ಶೌಚಾಲಯ ಸರಿಯಿಲ್ಲದ, ಬೆಂಕಿಯ ಭಯದ ಮನೆಗಳು ಅಲ್ಲಿ ಎಷ್ಟೋ ಇದ್ದವು. ಹೊರಟವರಲ್ಲಿ ಕೆಲವರಿಗೆ ಮುಂಚಿಗಿಂತ ಒಳ್ಳೆಯ ಮನೆ ಸಿಕ್ಕಿತು. ಆದರೆ ಕಪ್ಪು ಕುಟುಂಬಗಳಿಗೆ ಊರಿನ ಬಹುಪಾಲು ಬಡಾವಣೆಗಳ ಬಾಗಿಲು ಮುಚ್ಚಿತ್ತು. ಅವರು ಹೋಗಿ ಸೇರಿದ್ದು ಆಗಲೇ ಕೆಂಪು ಬಣ್ಣ ಬಿದ್ದಿದ್ದ ಡಿಕ್ಸ್‌ವೆಲ್‌ಗೆ, ಹಾಗೆಯೇ ಹಿಲ್, ನ್ಯೂಹಾಲ್‌ವಿಲ್ ಬಡಾವಣೆಗಳಿಗೆ. 1967ರ ಆಗಸ್ಟ್‌ನಲ್ಲಿ ಹಿಲ್ ಬಡಾವಣೆಯಲ್ಲಿ ಗಲಭೆ ಹೊತ್ತಿಕೊಂಡು ಹಲವು ದಿನ ನಡೆದಾಗ ಮಾದರಿ ನಗರದ ಮಾತು ನಿಂತಿತು. ಯೇಲ್‌ನ ಮೌಖಿಕ ಇತಿಹಾಸ ಯೋಜನೆಯೊಂದು 2000ದ ದಶಕದ ಆರಂಭದಲ್ಲಿ ಈ ನವೀಕರಣದ ಕಾಲವನ್ನು ಬದುಕಿದವರನ್ನು ಮಾತಾಡಿಸಿ ದಾಖಲಿಸಿತು. ಕೆಡವಿದವರು, ಕೆಡವಿಸಿಕೊಂಡವರು ಇಬ್ಬರ ಮಾತೂ ಒಂದೇ ಕಡೆ ಕೇಳುವಂತಾದದ್ದು ಅಂಥ ಕೆಲಸದಿಂದ.

ಕೆಡವುವುದೊಂದೇ ದಾರಿಯಾಗಿರಲಿಲ್ಲ ಎನ್ನಲು ಅದೇ ಊರಿನಲ್ಲಿ ಸಾಕ್ಷಿಯಿದೆ. ಪೂರ್ವಕ್ಕಿರುವ ವೂಸ್ಟರ್ ಸ್ಕ್ವೇರ್ ದಕ್ಷಿಣ ಇಟಲಿಯ ಅಮಾಲ್ಫಿ ಕರಾವಳಿಯಿಂದ ಬಂದವರ ಬಡಾವಣೆ. ಫ್ರಾಂಕ್ ಪೇಪೆ 1925ರಲ್ಲಿ ಅಲ್ಲಿ ಶುರುಮಾಡಿದ ಪಿಜ್ಜಾ ಅಂಗಡಿಯ ಮುಂದೆ ಇವತ್ತಿಗೂ ಜನ ಸಾಲು ನಿಲ್ಲುತ್ತಾರೆ. ಅಂತರರಾಜ್ಯ ಹೆದ್ದಾರಿ 91 ಮೊದಲ ಯೋಜನೆಯಂತೆ ಬಂದಿದ್ದರೆ ಬಡಾವಣೆಯ ಮಧ್ಯಕ್ಕೇ ನುಗ್ಗುತ್ತಿತ್ತು. ನಿವಾಸಿಗಳು ಪಟ್ಟು ಹಿಡಿದರು. ಹೆದ್ದಾರಿ ಪೂರ್ವಕ್ಕೆ ಸರಿಯಿತು, ಅಂಚಿನ ಒಂದಷ್ಟು ಮನೆಗಳು ಹೋದರೂ ಚೌಕ ಉಳಿಯಿತು. ಹಳೆಯ ಮನೆಗಳನ್ನು ಕೆಡವದೆ ರಿಪೇರಿ ಮಾಡಲು ಹಣ ಸಿಕ್ಕಿತು. ಚೆರ್ರಿ ಹೂ ಬಿಡುವ ವಸಂತದಲ್ಲಿ ಊರಿಗೆ ಊರೇ ಅಲ್ಲಿ ಸೇರುತ್ತದೆ. ವೂಸ್ಟರ್ ಸ್ಕ್ವೇರ್ ಉಳಿದು ಓಕ್ ಸ್ಟ್ರೀಟ್ ಯಾಕೆ ಹೋಯಿತು? ಕಟ್ಟಡಗಳ ಗುಣಮಟ್ಟ ಒಂದು ಉತ್ತರ. ನನ್ನ ತೀರ್ಮಾನ ಬೇರೆ. ಇಟಾಲಿಯನ್ ಮೂಲದವರಿಗೆ ಆ ಹೊತ್ತಿಗೆ ನಗರ ರಾಜಕೀಯದಲ್ಲಿ ಬಲ ಬಂದಿತ್ತು. ಲೀಗಿಂತ ಹಿಂದಿನ ಮೇಯರ್ ವಿಲಿಯಂ ಸೆಲೆಂಟಾನೊ ಅವರದೇ ಸಮುದಾಯದವರು. ಓಕ್ ಸ್ಟ್ರೀಟ್‌ನ ಬೆರಕೆ ಬಡಜನಕ್ಕೆ ಹಾಗೆ ಮಾತಾಡುವವರು ಇರಲಿಲ್ಲ. ಎರಡು ಬಡಾವಣೆಗಳನ್ನು ಒಂದೇ ಬೆಳಿಗ್ಗೆ ನಡೆದು ನೋಡಿದ ವಿದ್ಯಾರ್ಥಿಗೆ ನಗರ ಯೋಜನೆಯಲ್ಲಿ ಅಧಿಕಾರ ಹೇಗೆ ಕೆಲಸ ಮಾಡುತ್ತದೆ ಎಂದು ಬೇರೆ ಪಠ್ಯ ಬೇಕಿಲ್ಲ.

ಯೇಲ್‌ನ ಕಲ್ಲಿನ ಗೋಪುರಗಳ ಬೆನ್ನಿಗೇ ಶುರುವಾಗುವ ಡಿಕ್ಸ್‌ವೆಲ್‌ಗೆ ಬರೋಣ. ನಾಲ್ಕು ವರ್ಷ ಓದಿಯೂ ಆ ಕಡೆ ಕಾಲಿಡದೆ ಪದವಿ ಪಡೆದು ಹೋಗುವುದು ಸುಲಭ. ಅಲ್ಲಿಯ ಸಮುದಾಯ ಭವನಕ್ಕೆ ಜನರಿಟ್ಟ ಹೆಸರು ಕ್ಯೂ ಹೌಸ್. 1924ರಲ್ಲಿ ಶುರುವಾದದ್ದು. 1930ರ ದಶಕದ ಕೊನೆಯಲ್ಲಿ ಅಲ್ಲಿ ಒಂದು ಸಭೆ ನಡೆಯಿತು. ಭವನಕ್ಕೆ ಕಪ್ಪು ಜನ ಹೆಚ್ಚಾಗಿ ಬರುತ್ತಿಲ್ಲವಲ್ಲ ಎಂಬುದು ಚರ್ಚೆ. ಹೈಸ್ಕೂಲು ಮುಗಿಸಿ ಕಾಲೇಜಿಗೆ ಹಣವಿಲ್ಲದೆ ಕೂತಿದ್ದ ಒಬ್ಬ ಹುಡುಗಿ ಎದ್ದು ನಿಂತು, ಆಡಳಿತ ಮಂಡಳಿಯಲ್ಲಿ ನಮ್ಮವರಿಗೆ ಜಾಗವಿಲ್ಲ, ಭವನ ನಡೆಸುವುದರಲ್ಲಿ ನಮ್ಮ ಮಾತಿಲ್ಲ, ಬರುವುದು ಹೇಗೆ ಎಂಬ ಅರ್ಥದಲ್ಲಿ ನೇರವಾಗಿ ಹೇಳಿದಳು. ಕೇಳಿಸಿಕೊಳ್ಳುತ್ತಿದ್ದವರಲ್ಲಿ ಕ್ಲಾರೆನ್ಸ್ ಬ್ಲೇಕ್ಸ್‌ಲೀ ಎಂಬ ಬಿಳಿಯ ಉದ್ಯಮಿ ಇದ್ದರು. ಆಕೆಯ ಓದಿನ ಖರ್ಚನ್ನೆಲ್ಲ ತಾವೇ ವಹಿಸಿದರು. ಆ ಹುಡುಗಿ ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ. ಕೆರಿಬಿಯನ್‌ನ ನೆವಿಸ್ ದ್ವೀಪದಿಂದ ಬಂದ ಕುಟುಂಬ. ತಂದೆ ಯೇಲ್ ವಿದ್ಯಾರ್ಥಿ ಸಂಘಗಳಲ್ಲಿ ಅಡುಗೆ ಮಾಡುತ್ತಿದ್ದವರು. ಮಗಳು ವಕೀಲೆಯಾಗಿ, ಶಾಲೆಗಳಲ್ಲಿ ವರ್ಣಭೇದ ಮುರಿದ ಬ್ರೌನ್ ಮೊಕದ್ದಮೆಯ ಕಾಗದಪತ್ರ ತಯಾರಿಸಿದವರಲ್ಲಿ ಒಬ್ಬರಾದರು. 1966ರಲ್ಲಿ ಅಮೆರಿಕದ ಫೆಡರಲ್ ನ್ಯಾಯಾಧೀಶೆಯಾದ ಮೊದಲ ಕಪ್ಪು ಮಹಿಳೆ ಅವರು. ಸೇವೆ ಮಾಡಲು ಬಂದವರು ಈ ಸಭೆಯ ಕತೆಯನ್ನು ಎರಡು ಸಲ ಕೇಳಬೇಕು. ಭವನ ಕಟ್ಟಿಕೊಟ್ಟವರ ಮನಸ್ಸು ಒಳ್ಳೆಯದೇ ಇತ್ತು. ಆದರೂ ಯಾರಿಗಾಗಿ ಕಟ್ಟಿದರೋ ಅವರನ್ನೇ ಕೇಳಿರಲಿಲ್ಲ.

ಕ್ಯೂ ಹೌಸ್ 2003ರಲ್ಲಿ ಹಣವಿಲ್ಲದೆ ಮುಚ್ಚಿತು. ಡಿಕ್ಸ್‌ವೆಲ್ ಜನ ಬಿಡಲಿಲ್ಲ. ವರ್ಷಗಟ್ಟಲೆ ಒತ್ತಾಯಿಸಿ, 2021ರಲ್ಲಿ ಹೊಸ ಕಟ್ಟಡ ತೆರೆಯುವಂತೆ ಮಾಡಿದರು. ಈಗ ಅದರೊಳಗೆ ಗ್ರಂಥಾಲಯ ಇದೆ, ಆರೋಗ್ಯ ಕೇಂದ್ರ ಇದೆ, ಹಿರಿಯರಿಗೆ ಜಾಗವಿದೆ.

ಪಕ್ಕದ ನ್ಯೂಹಾಲ್‌ವಿಲ್ ಬೆಳೆದದ್ದು ವಿಂಚೆಸ್ಟರ್ ಬಂದೂಕು ಕಾರ್ಖಾನೆಯ ಸುತ್ತ. ಮಹಾಯುದ್ಧಗಳ ಕಾಲದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಅಲ್ಲಿ ದುಡಿಯುತ್ತಿದ್ದರು. ದಕ್ಷಿಣದ ಕ್ಯಾರೊಲೈನಾ ರಾಜ್ಯಗಳಿಂದ ಬಂದ ಕಪ್ಪು ಕುಟುಂಬಗಳು ಅಲ್ಲಿಯ ಸಂಬಳದಲ್ಲಿ ಮನೆ ಕೊಂಡವು. ಕೆಲಸ ಇಳಿಯುತ್ತ ಇಳಿಯುತ್ತ 2006ರಲ್ಲಿ ಕಾರ್ಖಾನೆ ಪೂರ್ತಿ ನಿಂತಿತು. ಹಳೆಯ ಕಟ್ಟಡದ ಒಂದು ಭಾಗ ಈಗ ಅಪಾರ್ಟ್‌ಮೆಂಟ್.

ನಗರ ನವೀಕರಣ ಕಟ್ಟಿದ್ದೂ ಉಳಿಯಲಿಲ್ಲ ಎಂಬುದಕ್ಕೆ ರೈಲು ನಿಲ್ದಾಣದ ಎದುರಿಗಿದ್ದ ಚರ್ಚ್ ಸ್ಟ್ರೀಟ್ ಸೌತ್ ವಸತಿ ಸಮುಚ್ಚಯ ಒಂದು ನೋವಿನ ಉದಾಹರಣೆ. ಯೇಲ್ ವಾಸ್ತುಶಿಲ್ಪ ಶಾಲೆಯ ಮುಖ್ಯಸ್ಥರಾಗಿದ್ದ ಚಾರ್ಲ್ಸ್ ಮೂರ್ ಅದನ್ನು ವಿನ್ಯಾಸ ಮಾಡಿದ್ದು 1960ರ ದಶಕದ ಕೊನೆಯಲ್ಲಿ, ಬಡವರಿಗೆ ಚೆಂದದ ಮನೆ ಎಂಬ ಆಸೆಯಿಂದ. ಚಾವಣಿ ಸೋರಿ, ಗೋಡೆಗೆ ಬೂಸ್ಟು ಹಿಡಿದು, ಮಕ್ಕಳಿಗೆ ಆಸ್ತಮಾ ಬಂತು. ಕೊನೆಗೆ ಕುಟುಂಬಗಳನ್ನು ಒಂದೊಂದಾಗಿ ಸ್ಥಳಾಂತರಿಸಿ 2018ರಲ್ಲಿ ಕೆಡವಿದರು.

ಈ ಇತಿಹಾಸದ ಹೊರಗೆ ನಿಂತು ನೋಡುವ ಅವಕಾಶ ಯೇಲ್ ವಿದ್ಯಾರ್ಥಿಗೆ ಇಲ್ಲ. ವಿಶ್ವವಿದ್ಯಾಲಯಕ್ಕೆ ಹೆಸರು ಬಂದದ್ದು ಎಲಿಹು ಯೇಲ್ ಅವರಿಂದ. ಅವರು ಈಸ್ಟ್ ಇಂಡಿಯಾ ಕಂಪನಿಯ ನೌಕರರಾಗಿ ಬಂದು, 1687ರಿಂದ 1692ರವರೆಗೆ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರ್ ಆಗಿದ್ದರು. ಆ ಕಾಲದ ಮದ್ರಾಸು ಬಂದರಿನಿಂದ ಗುಲಾಮರನ್ನು ಹಡಗೇರಿಸುವ ವ್ಯಾಪಾರವೂ ನಡೆಯುತ್ತಿತ್ತು. ನಿವೃತ್ತಿಯ ನಂತರ, 1718ರಲ್ಲಿ ಅವರು ಕಾಲೇಜಿಗೆ ಕಳಿಸಿದ್ದು 417 ಪುಸ್ತಕ, ದೊರೆಯ ಚಿತ್ರಪಟ, ಮತ್ತು ಒಂಬತ್ತು ಮೂಟೆ ಸರಕು. ಆ ಸರಕಿನಲ್ಲಿ ಭಾರತದ ಬಟ್ಟೆಗಳಿದ್ದವು; ಮಾರಿ ಬಂದ ಹಣ 562 ಪೌಂಡು. ನಮ್ಮ ಕೋರಮಂಡಲದ ಮಗ್ಗಗಳ ದುಡಿಮೆ ಆ ಕಾಲೇಜಿನ ಗೋಡೆಯಲ್ಲಿದೆ.

ಗೋಡೆ ಕಟ್ಟಿದ ಕೈಗಳಲ್ಲಿ ಗುಲಾಮರ ಕೈಗಳೂ ಇದ್ದವು. 1831ರಲ್ಲಿ ನ್ಯೂ ಹೇವನ್‌ನಲ್ಲಿ ಕಪ್ಪು ಯುವಕರಿಗಾಗಿ ಕಾಲೇಜು ಸ್ಥಾಪಿಸುವ ಪ್ರಸ್ತಾವ ಬಂದಾಗ ಊರಿನ ಸಭೆ ಅದನ್ನು 700 ಮತಗಳಿಂದ ತಿರಸ್ಕರಿಸಿತು. ಪರವಾಗಿ ಬಿದ್ದದ್ದು ನಾಲ್ಕೇ ಮತ. ಯೇಲ್‌ಗೆ ಸೇರಿದ ಪ್ರಭಾವಿಗಳು ವಿರೋಧದ ಮುಂಚೂಣಿಯಲ್ಲಿದ್ದರು. ಇತಿಹಾಸಕಾರ ಡೇವಿಡ್ ಬ್ಲೈಟ್ ನೇತೃತ್ವದಲ್ಲಿ ಇದೆಲ್ಲದರ ಅಧ್ಯಯನ ನಡೆದು 2024ರ ಫೆಬ್ರುವರಿಯಲ್ಲಿ ಪುಸ್ತಕ ಬಂತು, ವಿಶ್ವವಿದ್ಯಾಲಯ ಅಧಿಕೃತವಾಗಿ ಕ್ಷಮೆ ಕೇಳಿತು. ಇನ್ನೊಂದು ವಿಷಯ ಇವತ್ತಿನದು. ಅಲ್ಲಿಯ ನಗರಾಡಳಿತಕ್ಕೆ ಮುಖ್ಯ ಆದಾಯ ಆಸ್ತಿ ತೆರಿಗೆ. ಶಿಕ್ಷಣಕ್ಕೆ ಬಳಸುವ ಯೇಲ್ ಕಟ್ಟಡಗಳಿಗೆ ಆ ತೆರಿಗೆಯಿಲ್ಲ. ವರ್ಷಗಳ ಒತ್ತಡದ ಮೇಲೆ 2021ರಲ್ಲಿ ಆದ ಒಪ್ಪಂದದಂತೆ, ಯೇಲ್ ತಾನು ಸ್ವಯಂಪ್ರೇರಿತವಾಗಿ ನಗರಕ್ಕೆ ಕೊಡುವ ಹಣವನ್ನು ಆರು ವರ್ಷಗಳಲ್ಲಿ 5.2 ಕೋಟಿ ಡಾಲರಿನಷ್ಟು ಹೆಚ್ಚಿಸಲು ಒಪ್ಪಿತು; ಒಟ್ಟು ಮೊತ್ತ ಸುಮಾರು 13.5 ಕೋಟಿ ಡಾಲರು. ಬೇಸಿಗೆಯ ಸೇವೆಗೆ ಬರುವ ವಿದ್ಯಾರ್ಥಿ ಈ ಅಂಕಿಗಳನ್ನೂ ತಿಳಿದಿರಬೇಕು.

ಇಂಥ ನಡಿಗೆಗಳಲ್ಲಿ ಒಂದು ಅಪಾಯವಿದೆ. ಹತ್ತಿಪ್ಪತ್ತು ಜನ ಗುಂಪು ಕಟ್ಟಿಕೊಂಡು ಬಡವರ ಬೀದಿಗೆ ಹೋಗಿ, ಮನೆಗಳತ್ತ ಬೆರಳು ತೋರಿಸಿ, ಫೋಟೊ ತೆಗೆದು ಬರುವುದು ಅಧ್ಯಯನವಲ್ಲ, ಅಪಮಾನ. ಜಗುಲಿಯಲ್ಲಿ ಕೂತವರು ನಮ್ಮನ್ನು ನೋಡುತ್ತಿರುತ್ತಾರೆ ಎಂಬ ಎಚ್ಚರ ಬೇಕು. ಒಳ್ಳೆಯ ನಡಿಗೆಯ ಮುಂದಾಳು ಆ ಬೀದಿಯಲ್ಲೇ ಬೆಳೆದವರಾಗಿರುತ್ತಾರೆ. ವಿದ್ಯಾರ್ಥಿ ಕೇಳುತ್ತಾನೆ, ಬರೆದುಕೊಳ್ಳುತ್ತಾನೆ, ಬರೆದದ್ದನ್ನು ಮಾತು ಕೊಟ್ಟವರಿಗೆ ತಂದು ತೋರಿಸುತ್ತಾನೆ. ಚರ್ಚಿನ ಹಳೆಯ ರಿಜಿಸ್ಟರು, ಶಾಲೆಯ ಗುಂಪು ಫೋಟೊ, ಅಂಗಡಿಯ ರಸೀದಿ ಪುಸ್ತಕ ಇಂಥವನ್ನು ಸ್ಕ್ಯಾನ್ ಮಾಡಿ ಬಡಾವಣೆಯ ಗ್ರಂಥಾಲಯದಲ್ಲೇ ಒಂದು ಪ್ರತಿ ಇಡುವುದು ಸಣ್ಣ ಕೆಲಸ, ಆದರೆ ಆಗಸ್ಟ್‌ನಲ್ಲಿ ವಿದ್ಯಾರ್ಥಿಗಳು ತರಗತಿಗೆ ಮರಳಿದ ಮೇಲೂ ಊರಿನಲ್ಲಿ ಉಳಿಯುವಂಥದ್ದು.

ನ್ಯೂ ಹೇವನ್ ಈಗ ತನ್ನ ಗಾಯವನ್ನು ಹೊಲಿಯುತ್ತಿದೆ. 'ಡೌನ್‌ಟೌನ್ ಕ್ರಾಸಿಂಗ್' ಎಂಬ ಯೋಜನೆಯಡಿ ಕನೆಕ್ಟರ್ ಹೆದ್ದಾರಿಯ ಭಾಗಗಳನ್ನು ಮುಚ್ಚಿ, ಕಡಿದುಹೋಗಿದ್ದ ಬೀದಿಗಳನ್ನು ಮತ್ತೆ ಜೋಡಿಸಲಾಗುತ್ತಿದೆ. ಮೊದಲ ಕಟ್ಟಡ 100 ಕಾಲೇಜ್ ಸ್ಟ್ರೀಟ್ 2016ರಲ್ಲಿ ತೆರೆಯಿತು. ಆ ನೆಲದಲ್ಲಿ ಏಳುತ್ತಿರುವುದು ಪ್ರಯೋಗಾಲಯ, ಕಚೇರಿ. ಅಲ್ಲಿಂದ ಎದ್ದು ಹೋದ ಕುಟುಂಬಗಳ ಮೊಮ್ಮಕ್ಕಳಿಗೆ ಅದರಲ್ಲಿ ಎಷ್ಟು ಕೆಲಸ ಸಿಗುತ್ತದೆ ಎಂಬ ಪ್ರಶ್ನೆಯನ್ನು ಊರಿನ ಜನ ಕೇಳುತ್ತಲೇ ಇದ್ದಾರೆ. ಅದು ನ್ಯಾಯವಾದ ಪ್ರಶ್ನೆ.

ಸೇವೆಯ ಜೊತೆಗೆ ಬಡಾವಣೆಯ ಇತಿಹಾಸ ಓದುವ ಇಂಥ ಕೆಲಸಕ್ಕೆ ಬೇಕಾದ ಏರ್ಪಾಡು ನಮ್ಮ ದೇಶದಲ್ಲೂ 1969ರಿಂದ ಇದೆ. ರಾಷ್ಟ್ರೀಯ ಸೇವಾ ಯೋಜನೆಯ (ಎನ್‌ಎಸ್‌ಎಸ್) ವಿದ್ಯಾರ್ಥಿ ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಮಾಡಬೇಕು, ಏಳು ದಿನದ ವಿಶೇಷ ಶಿಬಿರಕ್ಕೆ ಹೋಗಬೇಕು. ಶಿಬಿರ ಅಂದ ಕೂಡಲೇ ಹಳ್ಳಿ, ಶ್ರಮದಾನ, ರಸ್ತೆ ಬದಿ ಗಿಡ ಎಂಬುದು ನಮ್ಮ ರೂಢಿ. ಅದು ಇರಲಿ. ಆದರೆ ಬೆಂಗಳೂರಿನ ಕಾಲೇಜಿನ ಎನ್‌ಎಸ್‌ಎಸ್ ಘಟಕವೊಂದು ಒಂದು ವರ್ಷ ತನ್ನ ಗೇಟಿನಾಚೆಯ ಬಡಾವಣೆಯನ್ನೇ ಶಿಬಿರವಾಗಿ ಆರಿಸಿಕೊಳ್ಳಲಿ. 1898ರ ಪ್ಲೇಗು ಪೇಟೆಯ ಜನರನ್ನು ಹೇಗೆ ಚದುರಿಸಿ ಮಲ್ಲೇಶ್ವರ, ಬಸವನಗುಡಿಗಳನ್ನು ಬೆಳೆಸಿತು, ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾದಾಗ, ಸಂಪಂಗಿ ಕೆರೆ ಕ್ರೀಡಾಂಗಣವಾದಾಗ ಅವುಗಳ ನೀರನ್ನು ನಂಬಿದ್ದವರು ಎಲ್ಲಿಗೆ ಹೋದರು, ಪಕ್ಕದ ಕೊಳೆಗೇರಿಯ ಹಿರಿಯರು ಯಾವ ಊರಿನಿಂದ, ಯಾವ ಬರಗಾಲದಲ್ಲಿ, ಯಾವ ಕಾರ್ಖಾನೆಯ ಕೆಲಸ ನಂಬಿ ಬಂದರು ಎಂದು ಕೇಳಿ ಬರೆದಿಡಲಿ. ಮೈಸೂರು, ಹುಬ್ಬಳ್ಳಿ, ಕಲಬುರಗಿ, ಮಂಗಳೂರಿನ ಕಾಲೇಜುಗಳೂ ಇದನ್ನು ಮಾಡಬಹುದು. ಅನುದಾನ ಹೆಚ್ಚು ಬೇಡ, ಏಳು ದಿನ ಸಾಕು. ಪ್ರಾಂಶುಪಾಲರೂ ಎನ್‌ಎಸ್‌ಎಸ್ ಅಧಿಕಾರಿಗಳೂ ಮುಂದಿನ ವರ್ಷದ ಶಿಬಿರದ ಜಾಗ ಗೊತ್ತು ಮಾಡುವ ಮೊದಲು ಇದನ್ನು ಯೋಚಿಸಬೇಕು. ಹೇಳಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.